ಬೆಂಗಳೂರಿನ ಫ್ರೆಂಚ್ ಬಿಸ್ಟ್ರೋದಲ್ಲಿ ಊಟ: ಪಂಚೆ ಉಡುವ ನಮ್ಮ ಮಾವನಿಗೆ ಏನು ತರಿಸೋದು?

ಅಮಾನಿಕೆರೆ ಅಕ್ಕ (ತುಮಕೂರು)

ಎಲ್ಲರಿಗೂ ನಮಸ್ಕಾರ. ಮೈದುನನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಮೊದಲ ಸಂಬಳದ ಟ್ರೀಟ್ ಅಂತ ಮುಂದಿನ ಭಾನುವಾರ ಮಧ್ಯಾಹ್ನ ಮನೆಮಂದಿಯನ್ನೆಲ್ಲ ಒಂದು ಫ್ರೆಂಚ್ ಬಿಸ್ಟ್ರೋಗೆ ಕರೆದುಕೊಂಡು ಹೋಗುತ್ತಾನಂತೆ. ಟೇಬಲ್ ಕೂಡ ಬುಕ್ ಮಾಡಿಬಿಟ್ಟಿದ್ದಾನೆ. "ಜಾಗ ಜೋರಾಗಿದೆ ಅತ್ತಿಗೆ, ಆದ್ರೆ ಬಿಗುಮಾನ ಏನೂ ಇಲ್ಲ, ಆರಾಮಾಗಿ ಕೂತು ತಿನ್ನಬಹುದು" ಅಂತಾನೆ. ಮೆನು ಕಳಿಸಿದ್ದಾನೆ. ತಲೆಬುಡ ಅರ್ಥ ಆಗಲಿಲ್ಲ.

ನಮ್ಮದು ಸಸ್ಯಾಹಾರಿ ಮನೆ. ಮಾವನಿಗೆ ಮೊಟ್ಟೆ ವಾಸನೆಯೂ ಆಗಲ್ಲ. ಅತ್ತೆ ಮಾತ್ರ ಕೇಕ್ ತಿನ್ನುತ್ತಾರೆ, "ಅದರಲ್ಲಿ ಮೊಟ್ಟೆ ಕಾಣಲ್ಲವಲ್ಲ" ಅನ್ನೋದು ಅವರ ವಾದ. ಮೈದುನ ಹೊರಗೆ ಏನೇನು ತಿನ್ನುತ್ತಾನೋ ನಾನು ಕೇಳಲ್ಲ, ಅವನು ಹೇಳಲ್ಲ. ಮಾವ ಎಲ್ಲಿಗೆ ಹೋದರೂ ಬಿಳಿ ಪಂಚೆ, ಬಿಳಿ ಶರ್ಟು.

ಮಾವನಿಗೆ ಅಲ್ಲಿ ಏನು ತರಿಸಬಹುದು? ಪಂಚೆಯಲ್ಲಿ ಒಳಗೆ ಬಿಡ್ತಾರಾ? ಚಾಕು, ಫೋರ್ಕಲ್ಲೇ ತಿನ್ನಬೇಕಾ? ಆರು ಜನಕ್ಕೆ ಬಿಲ್ಲು ಎಷ್ಟಾಗಬಹುದು? ಮಾವ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಅನ್ನ ಸಿಗುತ್ತಾ?"

ಕ್ಯಾತ್ಸಂದ್ರ ತಟ್ಟೆ

ಸಿಗಲ್ಲ. ಮುಗೀತು.

ಕುಣಿಗಲ್ ಕುದುರೆ

ಹೆಂಗೂ ಕ್ಯಾತ್ಸಂದ್ರದ ಮೇಲೇ ಹೋಗ್ತೀರಲ್ಲ ಅಕ್ಕ. ಎಲ್ಲರೂ ತಟ್ಟೆ ಇಡ್ಲಿ ಹೊಡೆದು ಹೋಗಿ. ಅಲ್ಲಿ ಈರುಳ್ಳಿ ಸೂಪ್ ಒಂದು ಕುಡಿದು, ಫೋಟೋ ತೆಗೆಸಿಕೊಂಡು ವಾಪಸ್ ಬನ್ನಿ. ಮೈದುನನ ದುಡ್ಡೂ ಉಳಿಯುತ್ತೆ, ಮಾವನ ಮರ್ಯಾದೆನೂ ಉಳಿಯುತ್ತೆ.

ಗುಬ್ಬಿ ಟು ಗ್ರೆನೋಬ್ಲ್

ಹುಡುಗ ಆಸೆಯಿಂದ ಕರೆದಿದ್ದಾನೆ, ಸುಮ್ನೆ ಹೆದರಿಸಬೇಡಿ. ಓದೋಕೆ ಅಂತ ಫ್ರಾನ್ಸಿನ ಗ್ರೆನೋಬ್ಲ್ ಊರಿನಲ್ಲಿ ಇದ್ದವನು ನಾನು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಬಿಸ್ಟ್ರೋ ಅಂದರೆ ಅಲ್ಲಿ ದೊಡ್ಡಸ್ತಿಕೆಯ ಜಾಗ ಅಲ್ಲ. ಪ್ಯಾರಿಸ್ಸಿನ ಬೀದಿಬೀದಿಯಲ್ಲಿರುವ ಸಣ್ಣ ಹೋಟೆಲು. ನಮ್ಮ ಕಡೆಯ ಮಿಲಿಟರಿ ಹೋಟೆಲ್ ಇದ್ದ ಹಾಗೆ: ಗಲ್ಲಾದಲ್ಲಿ ಮಾಲೀಕ, ಒಳಗೆ ಬೆಳಗ್ಗೆಯಿಂದ ಬೇಯುತ್ತಿರುವ ಒಂದೆರಡು ಪದಾರ್ಥ, ಇವತ್ತು ಏನಿದೆ ಅಂತ ಕಪ್ಪು ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಮುಗಿದರೆ ಮುಗೀತು. ಒವೆರ್ನ್ಯ ಅನ್ನೋ ಬೆಟ್ಟದ ಸೀಮೆಯಿಂದ ಬಂದು ಪ್ಯಾರಿಸ್ಸಿನಲ್ಲಿ ಸೌದೆ, ಇದ್ದಿಲು ಮಾರುತ್ತಿದ್ದವರು ಅದೇ ಅಂಗಡಿಯಲ್ಲಿ ವೈನೂ ಮಾರತೊಡಗಿದರು. ಹಳೆಯ ಬಿಸ್ಟ್ರೋಗಳಲ್ಲಿ ಎಷ್ಟೋ ಅಂಥವರು ಇಟ್ಟವು. ಇಲ್ಲಿಗೆ ಬರುವಷ್ಟರಲ್ಲಿ ಮೇಜಿಗೆ ಮಾರ್ಬಲ್ ಬಂತು, ರೇಟು ಏರಿತು. ಆದರೂ ಟೈ ಕಟ್ಟಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂರುವ ಜಾಗ ಅದಲ್ಲ. ಹರಟೆ ಹೊಡೆಯುತ್ತಾ ಎರಡು ಗಂಟೆ ಕೂರುವ ಜಾಗ.

ಎಲ್ಲ ಒಟ್ಟಿಗೆ ಮೇಜಿಗೆ ಬರಲ್ಲ. ಮೊದಲು ಸಣ್ಣದೊಂದು, ಆಮೇಲೆ ಮುಖ್ಯವಾದ ತಟ್ಟೆ, ಕೊನೆಗೆ ಸಿಹಿ. ಕಾಫಿ ಸಿಹಿಯ ಜೊತೆಗಲ್ಲ, ಸಿಹಿ ಆದಮೇಲೆ. ಒಬ್ಬೊಬ್ಬರದು ಒಂದೊಂದು ತಟ್ಟೆ ಅನ್ನೋದು ಅವರ ಕ್ರಮ. ಇಲ್ಲಿ ಹಂಚಿಕೊಂಡರೂ ಯಾರೂ ಏನೂ ಅನ್ನಲ್ಲ, ಖಾಲಿ ತಟ್ಟೆ ಕೇಳಿದರೆ ಕೊಡುತ್ತಾರೆ.

ಮಾವನಿಗೆ ನನ್ನ ಮೊದಲ ಸಲಹೆ ಗ್ರಾತ್ಯಾಂ ದೋಫಿನ್ವಾ. ಗ್ರೆನೋಬ್ಲ್ ಇರೋದೇ ದೋಫಿನೇ ಸೀಮೆಯಲ್ಲಿ, ಹಾಗಾಗಿ ಇದು ನನಗೆ ಊರಿನ ಅಡುಗೆ. ಆಲೂಗಡ್ಡೆಯನ್ನು ಬಿಲ್ಲೆ ಬಿಲ್ಲೆಯಾಗಿ ತೆಳ್ಳಗೆ ಹೆಚ್ಚಿ, ಬೆಳ್ಳುಳ್ಳಿ ಉಜ್ಜಿದ ಪಾತ್ರೆಯಲ್ಲಿ ಜೋಡಿಸಿ, ಹಾಲು, ಕೆನೆ, ಚೂರು ಜಾಯಿಕಾಯಿ ಹಾಕಿ ಓವನ್ನಿನೊಳಗೆ ಇಡುತ್ತಾರೆ. ಮೇಲೆ ಕೆಂಪಗೆ ಹೆಪ್ಪುಗಟ್ಟಿರುತ್ತದೆ, ಒಳಗೆ ಮೆತ್ತಗೆ. ಖಾರ ಇಲ್ಲ, ಹುಳಿ ಇಲ್ಲ, ಆದರೆ ಯಾರಿಗೂ ಬೇಡ ಅನ್ನಿಸಲ್ಲ.

ಪಾವಗಡ ಬಿಸಿಲು

ಆಲೂಗಡ್ಡೆ, ಹಾಲು. ಇದನ್ನು ತಿನ್ನೋಕೆ ಎಪ್ಪತ್ತು ಕಿಲೋಮೀಟರ್ ಹೋಗಬೇಕಾ?

ಗುಬ್ಬಿ ಟು ಗ್ರೆನೋಬ್ಲ್

@ಪಾವಗಡ ಬಿಸಿಲು, ಅಕ್ಕಿ, ಉದ್ದು ತಿನ್ನೋಕೆ ಬೆಂಗಳೂರಿಂದ ಕ್ಯಾತ್ಸಂದ್ರಕ್ಕೆ ಬರ್ತಾರಲ್ಲ ಗುರು, ಹಾಗೇ.

ಅಡುಗೆಮನೆ ಹುಡುಗ (ಕೊರಟಗೆರೆ, ಈಗ ಬೆಂಗಳೂರು)

ನಾನು ಕಾಂಟಿನೆಂಟಲ್ ಅಡುಗೆ ಮಾಡುವ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡ್ತೀನಿ. ಮೇಲೆ ಯಾರೋ ಈರುಳ್ಳಿ ಸೂಪ್ ಕುಡೀರಿ ಅಂದಿದ್ದಾರೆ. ಅಕ್ಕ, ತಡೀರಿ. ಅದರ ಈರುಳ್ಳಿ ಹೆಚ್ಚೋನು ನಾನೇ, ಅದಕ್ಕೆ ಹೇಳ್ತಿದೀನಿ.

ಬೆಳಗ್ಗೆ ಬಂದ ತಕ್ಷಣ ಅರ್ಧ ಮೂಟೆ ಸುಲಿದು ಉದ್ದುದ್ದ ಹೆಚ್ಚಬೇಕು. ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಇಡ್ತೀವಿ. ಮೊದಲು ನೀರು ಬಿಡುತ್ತೆ. ನೀರು ಆರಿದ ಮೇಲೆ ತಳ ಹಿಡಿಯೋಕೆ ಶುರು. ಹಿಡಿದದ್ದನ್ನು ಒಂದು ಸೌಟು ಸ್ಟಾಕ್ ಹಾಕಿ ಕೆರೆದು ಬಿಡಿಸಬೇಕು, ಮತ್ತೆ ಹಿಡಿಯೋಕೆ ಬಿಡಬೇಕು, ಮತ್ತೆ ಕೆರೆಯಬೇಕು. ಮುಕ್ಕಾಲು ಗಂಟೆಗೆ ಕಮ್ಮಿ ಆಗಲ್ಲ. ಪಾತ್ರೆ ತುಂಬ ಇದ್ದದ್ದು ಕೊನೆಗೆ ತಳದಲ್ಲಿ ಕಂದು ಬಣ್ಣದ ಮುದ್ದೆ ಆಗಿ ಉಳಿಯುತ್ತೆ. ಅರ್ಜೆಂಟ್ ಅಂತ ಉರಿ ಜಾಸ್ತಿ ಮಾಡಿದರೆ ಕಹಿ. ಆಮೇಲೆ ಸ್ಟಾಕ್ ಹಾಕಿ ಕುದಿಸಿ, ಬಟ್ಟಲಿಗೆ ಬಗ್ಗಿಸಿ, ಒಣ ಬ್ರೆಡ್ಡಿನ ತುಂಡು ತೇಲಿಸಿ, ಮೇಲೆ ಚೀಸ್ ತುರಿದು ಓವನ್ನಿಗೆ.

ವಿಷಯ ಇರೋದು ಆ ಸ್ಟಾಕಲ್ಲಿ. ಫ್ರಾನ್ಸಿನಲ್ಲಿ ಅದು ಸಾಮಾನ್ಯವಾಗಿ ದನದ ಮೂಳೆ ಬೇಯಿಸಿದ ನೀರು. ಇಲ್ಲಿ ಎಷ್ಟೋ ಕಡೆ ಚಿಕನ್ ಮೂಳೆದು, ಕೆಲವು ಕಡೆ ತರಕಾರಿದು. ಕಣ್ಣಿಗೆ ಕಾಣೋದು ಬರೀ ಈರುಳ್ಳಿ. ಹಾಗಾಗಿ "ಇದು ವೆಜ್ಜಾ?" ಅಂತ ಕೇಳಬೇಡಿ, ಗಡಿಬಿಡಿಯಲ್ಲಿ ಹೂಂ ಅಂದುಬಿಡ್ತಾರೆ. "ಸ್ಟಾಕ್ ಯಾವುದರದು?" ಅಂತ ಕೇಳಿ. ಆಗ ಒಳಗೆ ಬಂದು ನಮ್ಮನ್ನ ಕೇಳಿಕೊಂಡು ಹೋಗ್ತಾರೆ.

ಅಮಾನಿಕೆರೆ ಅಕ್ಕ (ತುಮಕೂರು)

ಅಯ್ಯೋ ಶಿವನೇ, ಮೆನುವಿನಲ್ಲಿ ನನಗೆ ಅರ್ಥ ಆಗಿದ್ದೇ ಈರುಳ್ಳಿ ಸೂಪ್ ಒಂದು. ಬದುಕಿಸಿದೆ ತಮ್ಮ.

ಕುಣಿಗಲ್ ಕುದುರೆ

ನಾನು ಹೇಳಿದ್ದು ತಟ್ಟೆ ಇಡ್ಲಿ. ಸೂಪು ಸುಮ್ನೆ ಜೊತೆಗೆ ಬಂತು 😄

ಲೆಕ್ಕದ ಮೇಷ್ಟ್ರು (ಶಿರಾ)

ಬಿಲ್ಲಿನ ವಿಷಯಕ್ಕೆ ಬರೋಣ. ಇಂಥ ಜಾಗದಲ್ಲಿ ವೈನ್ ಇಲ್ಲದೆ ತಲೆಗೆ ಸಾವಿರದ ಐನೂರರಿಂದ ಎರಡು ಸಾವಿರ ಅಂತ ಇಟ್ಟುಕೊಳ್ಳಿ. ಊಟಕ್ಕೆ ಜಿಎಸ್‌ಟಿ ಶೇ 5. ದಿನಕ್ಕೆ 7,500 ರೂಪಾಯಿ ದಾಟಿದ ಬಾಡಿಗೆಯ ರೂಮುಗಳಿರುವ ದೊಡ್ಡ ಹೋಟೆಲಿನ ಒಳಗಿದ್ದರೆ ಶೇ 18.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಅಂತ ಒಂದು ಸಾಲು ಇರುತ್ತದಾ ನೋಡಿ. ಗ್ರಾಹಕರನ್ನು ಕೇಳದೆ ಅದನ್ನು ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ಹೋಟೆಲಿನವರು ಕೋರ್ಟಿಗೆ ಹೋದರು. ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಅಂದರೆ ತೆಗೆಯಬೇಕು. ತಕರಾರು ಮಾಡಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಅಡುಗೆಮನೆ ಹುಡುಗ (ಕೊರಟಗೆರೆ, ಈಗ ಬೆಂಗಳೂರು)

ಮೇಷ್ಟ್ರೇ, ಕಾನೂನು ಸರಿ. ಆದರೆ ನೀವು ಬಡಿಸಿದವರ ಕೈಗೆ ಇಡೋ ಟಿಪ್ಸು ಎಲ್ಲ ಕಡೆ ಒಳಗಿನವರೆಗೂ ಬರಲ್ಲ. ಸರ್ವಿಸ್ ಚಾರ್ಜ್ ಹಂಚುವ ಕಡೆ ಪಾತ್ರೆ ತೊಳೆಯುವವರಿಗೂ ಒಂದು ಪಾಲು ಸಿಗುತ್ತೆ. ಅದನ್ನೂ ನೆನಪಿಡಿ.

ಲೆಕ್ಕದ ಮೇಷ್ಟ್ರು (ಶಿರಾ)

ಪಾತ್ರೆ ತೊಳೆಯುವವರಿಗೆ ಸಂಬಳ ಕೊಡಬೇಕಾದ್ದು ಮಾಲೀಕ. ಮೆನುವಿನಲ್ಲೇ ರೇಟು ಏರಿಸಲಿ, ಯಾರು ಬೇಡ ಅಂದರು? ಕೊನೆಯಲ್ಲಿ ಒಂದು ಸಾಲು ತುರುಕೋದು ಯಾಕೆ?

ಗುಬ್ಬಿ ಟು ಗ್ರೆನೋಬ್ಲ್

ಫ್ರಾನ್ಸಿನಲ್ಲಿ ಮಾಡೋದು ಅದನ್ನೇ. ಬಡಿಸಿದ್ದರ ದುಡ್ಡು ಮೆನುವಿನ ರೇಟಿನೊಳಗೇ ಇರುತ್ತದೆ. ಟಿಪ್ಸು ಕೊಟ್ಟರೆ ಖುಷಿಗೆ, ಒಂದೆರಡು ಯೂರೋ. ಬ್ರೆಡ್ಡಿಗೂ ಹೂಜಿಯ ನೀರಿಗೂ ದುಡ್ಡು ತೆಗೆದುಕೊಳ್ಳಲ್ಲ. ಬ್ರೆಡ್ಡಿಗೆ ತಟ್ಟೆ ಹುಡುಕಬೇಡಿ, ಅಲ್ಲಿ ಮೇಜಿನ ಮೇಲೇ ಇಟ್ಟುಕೊಳ್ತಾರೆ. ಇಲ್ಲಿ ಮಾತ್ರ ಕೂತ ತಕ್ಷಣ "ಮಿನರಲ್ ವಾಟರಾ ಸರ್?" ಅಂತಾರೆ. ಹೂಂ ಅಂದರೆ ಬಾಟಲಿಗೆ ಬಿಲ್ಲು. ಮಾಮೂಲಿ ಕುಡಿಯೋ ನೀರು ಕೊಡಿ ಅನ್ನಿ, ನಾಚಿಕೆ ಬೇಡ.

ಬೆಳಗುಂಬ ರಸ್ತೆ

ಪಂಚೆ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ. 2024ರಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟಿದ್ದ ರೈತರೊಬ್ಬರನ್ನು ತಡೆದಿದ್ದರು, ನೆನಪಿದೆಯಾ? ಸರ್ಕಾರ ಏಳು ದಿನ ಮಾಲಿಗೇ ಬೀಗ ಹಾಕಿಸಿತು. ಅದಾದಮೇಲೆ ಯಾರಿಗೂ ಪಂಚೆ ತಡೆಯುವ ಧೈರ್ಯ ಇಲ್ಲ. ಆದರೂ ಬುಕ್ ಮಾಡಿದ ನಂಬರಿಗೆ ಫೋನ್ ಮಾಡಿ ಮೊದಲೇ ಹೇಳಿಬಿಡಿ. ಬಾಗಿಲಲ್ಲಿ ನಿಂತು ವಾದ ಮಾಡೋದು ಹಿರಿಯರಿಗೆ ಹಿಂಸೆ.

ಮಾಲೂರು ಹೆಂಚು (ಕೋಲಾರ)

ನಮ್ಮ ತಂದೆಯವರು ಪಂಚೆಯಲ್ಲೇ ಹೋಗಿದ್ದಾರೆ ಇಂಥ ಜಾಗಕ್ಕೆ. ಬಡಿಸುವ ಹುಡುಗ ಕಲಬುರಗಿ ಕಡೆಯವನು, ಕನ್ನಡದಲ್ಲಿ ಮಾತಾಡಿಸಿ, ಎರಡು ಸಲ ಬ್ರೆಡ್ಡು ಜಾಸ್ತಿ ತಂದಿಟ್ಟ. ತಂದೆಯವರು ಫೋರ್ಕು ಮುಟ್ಟಲೇ ಇಲ್ಲ, ಚಮಚ ಕೇಳಿದರು. ಬ್ರೆಡ್ಡನ್ನು ಹೇಗೂ ಕೈಯಲ್ಲೇ ಮುರಿದು ತಿನ್ನಬೇಕು. ತಟ್ಟೆಯಲ್ಲಿ ಉಳಿದ ಗೊಜ್ಜನ್ನು ಬ್ರೆಡ್ಡಲ್ಲಿ ಒರೆಸಿ ತಿಂದರು. ಪಕ್ಕದ ಮೇಜಿನಲ್ಲಿ ಒಬ್ಬ ಬಿಳಿಯ ಕೂಡ ಅದನ್ನೇ ಮಾಡ್ತಿದ್ದ.

ಒಂದು ಮಾತ್ರ ಗೊತ್ತಿರಲಿ. ಚಾಕು, ಫೋರ್ಕು ಎರಡನ್ನೂ ಜೊತೆಗೆ ತಟ್ಟೆಯಲ್ಲಿ ಮಲಗಿಸಿದರೆ ಊಟ ಮುಗೀತು ಅಂತ. ಮಾತಾಡ್ತಾ ಹಾಗೆ ಇಟ್ಟರೆ ಅರ್ಧ ತಿಂದ ತಟ್ಟೆ ಎತ್ತಿಕೊಂಡು ಹೋಗ್ತಾರೆ.

ತಿಪಟೂರು ಕೊಬ್ಬರಿ

ರಾಟಟೂಯಿ ಹೇಳಿಲ್ಲವಲ್ಲ ಯಾರೂ! ತರಕಾರಿ ಬೇಯಿಸಿದ ಪಲ್ಯದ ಥರದ್ದು: ಬದನೆಕಾಯಿ, ಜುಕಿನಿ (ಸೌತೆಕಾಯಿಯ ಹಾಗೆ ಕಾಣುವ ತರಕಾರಿ), ಟೊಮೆಟೊ, ದಪ್ಪ ಮೆಣಸಿನಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಫ್ರಾನ್ಸಿನ ನೀಸ್ ಊರಿನ ಕಡೆಯದು. ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಮಾವನಿಗೆ ಕಣ್ಣು ಮುಚ್ಚಿಕೊಂಡು ತರಿಸಿ. ಸಿಹಿಗೆ ಕ್ರೆಮ್ ಬ್ರೂಲೆ ಹೇಳಿ, ಬರೀ ಕೆನೆ, ಸಕ್ಕರೆ.

ಅಡುಗೆಮನೆ ಹುಡುಗ (ಕೊರಟಗೆರೆ, ಈಗ ಬೆಂಗಳೂರು)

ರಾಟಟೂಯಿ ಸರಿ. ಕ್ರೆಮ್ ಬ್ರೂಲೆ ಬೇಡವೇ ಬೇಡ! ಅದು ಗಟ್ಟಿ ಆಗೋದೇ ಮೊಟ್ಟೆಯ ಹಳದಿಯಿಂದ. ಚಾಕೊಲೇಟ್ ಮೂಸ್‌ಗೆ ಹಳೇ ಕ್ರಮದಲ್ಲಿ ಹಸಿ ಮೊಟ್ಟೆಯೇ ಹೋಗುತ್ತೆ. ತೆಳು ದೋಸೆಯಂಥ ಕ್ರೇಪ್‌ನಲ್ಲಿ ಮೊಟ್ಟೆ, ಖಾರದ ಪೈ ಥರದ ಕೀಶ್‌ನಲ್ಲಿ ಮೊಟ್ಟೆ. ತರಕಾರಿ ಕೀಶ್ ಅಂತ ಬರೆದಿದ್ದರೂ ಮೊಟ್ಟೆ ಇದ್ದೇ ಇರುತ್ತೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಮೊಟ್ಟೆ ಹಾಕಿದ್ದು ಮಾಂಸಾಹಾರದ ಗುರುತಿಗೇ ಸೇರೋದು. ಮೆನುವಿನಲ್ಲಿ ಹಸಿರು ಚುಕ್ಕಿ ನೋಡಿ.

ಮಾವನಿಗೆ ಸಿಹಿಗೆ ಸೋರ್ಬೆ ಹೇಳಿ. ಹಣ್ಣಿನ ರಸ, ಸಕ್ಕರೆ, ನೀರು ಹೆಪ್ಪುಗಟ್ಟಿಸಿದ್ದು. ಅತ್ತೆಗೆ ಮಾತ್ರ ಕ್ರೆಮ್ ಬ್ರೂಲೆ ತರಿಸಲೇಬೇಕು. ಮೇಲಿನ ಸಕ್ಕರೆಗೆ ಬೆಂಕಿ ತೋರಿಸಿ ಗಾಜಿನ ಹಾಗೆ ಮಾಡಿರ್ತೀವಿ. ಚಮಚದ ಹಿಂಬದಿಯಲ್ಲಿ ಒಂದು ಏಟು ಕೊಟ್ಟರೆ ಟಕ್ ಅಂತ ಒಡೆಯುತ್ತೆ, ಒಳಗೆ ತಣ್ಣಗಿರುತ್ತೆ. ಮೊಟ್ಟೆ ಕಾಣಲ್ಲ!

ಅಮಾನಿಕೆರೆ ಅಕ್ಕ (ತುಮಕೂರು)

😂 ಅತ್ತೆಗೆ ಓದಿ ಹೇಳಿದೆ. "ಆ ಹುಡುಗ ಒಳ್ಳೆಯವನು" ಅಂದರು.

ಶೆಟ್ಟಿಹಳ್ಳಿ ಗೇಟ್

ಚೀಸ್ ಬಗ್ಗೆಯೂ ಒಂದು ಮಾತು. ಗ್ರೂಯೇರ್, ಕೊಂತೆ, ಪಾರ್ಮೆಸಾನ್ ಥರದ ಹಳೇ ಯುರೋಪಿನ ಚೀಸ್‌ಗಳಿಗೆ ಹಾಲು ಒಡೆಯಿಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಇಲ್ಲಿ ತಯಾರಾಗುವ ಚೀಸ್‌ನಲ್ಲಿ ಬಹುಪಾಲು ಸೂಕ್ಷ್ಮಜೀವಿಯಿಂದ ಬಂದ ರೆನೆಟ್. ಮಾವ ಅಷ್ಟು ಕಟ್ಟುನಿಟ್ಟಾದರೆ ಕೇಳಿ.

ಪಾವಗಡ ಬಿಸಿಲು

ಸ್ಟಾಕ್ ಕೇಳು, ರೆನೆಟ್ ಕೇಳು, ಮೊಟ್ಟೆ ಕೇಳು. ಊಟಕ್ಕೆ ಹೋಗ್ತಿದ್ದಾರಾ ಪರೀಕ್ಷೆ ಬರೆಯೋಕಾ?

ಗುಬ್ಬಿ ಟು ಗ್ರೆನೋಬ್ಲ್

ಅಲ್ಲ, ಇದು ಬೇಕು. ಗ್ರಾತ್ಯಾಂಗೆ ಹಳೇ ಕ್ರಮದಲ್ಲಿ ಚೀಸ್ ಹಾಕಲ್ಲ, ಹೋಟೆಲುಗಳಲ್ಲಿ ಹಾಕ್ತಾರೆ. "ಚೀಸ್ ಬೇಡ" ಅಂತ ಮೊದಲೇ ಹೇಳಿಬಿಡಿ. ಒಂದೇ ದೊಡ್ಡ ಟ್ರೇಯಲ್ಲಿ ಮಾಡಿಟ್ಟಿದ್ದರೆ ಆಗಲ್ಲ ಅಂತಾರೆ, ಅದಕ್ಕೆ ಹಿಂದಿನ ದಿನವೇ ಫೋನ್ ಮಾಡಿ.

ಮೈದುನನಿಗೂ ಒಂದು ಮಾತು. ಕೊಕ್ ಓ ವ್ಯಾಂ ಅಂತ ಇದ್ದರೆ ಅದು ರೆಡ್ ವೈನ್‌ನಲ್ಲಿ ಬೇಯಿಸಿದ ಕೋಳಿ, ಹಂದಿ ಮಾಂಸದ ಚೂರೂ ಇರುತ್ತದೆ. ಮಾವನ ಎದುರು ಕೂತು ತರಿಸೋ ಪದಾರ್ಥ ಅಲ್ಲ.

ಕ್ಯಾತ್ಸಂದ್ರ ತಟ್ಟೆ

ವೈನ್ ಹಾಕಿದ್ರೂ ಕುದಿಸಿದಾಗ ಆಲ್ಕೋಹಾಲ್ ಎಲ್ಲ ಹಾರಿ ಹೋಗುತ್ತೆ ಬಿಡಿ.

ಶೆಟ್ಟಿಹಳ್ಳಿ ಗೇಟ್

ಎಲ್ಲ ಹೋಗಲ್ಲ ಕಣ್ರೀ. ಅಮೆರಿಕದ ಕೃಷಿ ಇಲಾಖೆಯ ಲೆಕ್ಕ ಇದೆ. ಕಾಲು ಗಂಟೆ ಕುದಿಸಿದರೆ ಶೇ 40 ಉಳಿಯುತ್ತೆ, ಒಂದು ಗಂಟೆಗೆ ಶೇ 25. ಎರಡೂವರೆ ಗಂಟೆ ಕುದಿಸಿದರೂ ಶೇ 5 ಇರುತ್ತೆ. ಅಮಲು ಏರುವಷ್ಟಲ್ಲ, ಆದರೆ ವ್ರತ ಇರುವವರಿಗೆ ಲೆಕ್ಕಕ್ಕೆ ಬರುತ್ತೆ.

ಎಸ್.ಎಸ್.ಪುರಂ ಸಂಜೆ

ಪ್ಯಾರಿಸ್ಸಿಗೆ ಟೂರ್ ಹೋದಾಗ ಬೂಯೋಂ ಶಾರ್ತಿಯೇ ಅನ್ನೋ ಬಿಸ್ಟ್ರೋದಲ್ಲಿ ತಿಂದಿದ್ದೆವು. 1896ರಲ್ಲಿ ಶುರುವಾದದ್ದು. ಕಪ್ಪು ಕೋಟಿನ ಮಾಣಿ ನಮ್ಮ ಲೆಕ್ಕವನ್ನು ಮೇಜಿನ ಮೇಲೆ ಹಾಸಿದ ಕಾಗದದ ಮೇಲೇ ಪೆನ್ನಲ್ಲಿ ಬರೆದು, ಅಲ್ಲೇ ಕೂಡಿ, ಅಡಿಗೆರೆ ಎಳೆದ. ನಮ್ಮೆಜಮಾನರು ಆ ಕಾಗದ ಹರಿದುಕೊಂಡು ಬಂದು ಬೀರುವಿನಲ್ಲಿ ಇಟ್ಟಿದ್ದಾರೆ!

ಗುಬ್ಬಿ ಟು ಗ್ರೆನೋಬ್ಲ್

ಮೇಡಂ, ಅದು ಬಿಸ್ಟ್ರೋ ಅಲ್ಲ, ಬೂಯೋಂ. ಅದರ ಜಾತಿಯೇ ಬೇರೆ. ಡ್ಯುವಾಲ್ ಅಂತ ಒಬ್ಬ ಮಾಂಸದ ವ್ಯಾಪಾರಿ 1855ರ ಸುಮಾರಿಗೆ ಕೂಲಿಯವರಿಗೆ ಕಡಿಮೆ ದುಡ್ಡಿಗೆ ಬಿಸಿ ಸಾರು, ಮಾಂಸ ಕೊಡೋಕೆ ಶುರು ಮಾಡಿದ್ದು. ದೊಡ್ಡ ಹಾಲ್, ನೂರಾರು ಜನ, ಬೇಗ ತಿಂದು ಏಳಬೇಕು.

ಎಸ್.ಎಸ್.ಪುರಂ ಸಂಜೆ

ಜಾತಿ ಯಾವುದಾದರೇನು, ಊಟ ಚೆನ್ನಾಗಿತ್ತು.

ಹೆಬ್ಬೂರು ಹೈದ

ಸ್ಟೀಕ್ (ದನದ ಮಾಂಸದ ದಪ್ಪ ತುಂಡು) ಬಗ್ಗೆ ಯಾರೂ ಮಾತಾಡ್ತಿಲ್ಲ. ಬಿಸ್ಟ್ರೋ ಅಂದ್ರೆ ಸ್ಟೀಕ್, ಆಲೂಗಡ್ಡೆ ಫ್ರೈ ಅಲ್ವಾ? ಕರ್ನಾಟಕದಲ್ಲಿ 2020ರ ಕಾಯ್ದೆ ಬಂದಮೇಲೆ ದನ ಕಡಿಯುವ ಹಾಗಿಲ್ಲ, 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಅವಕಾಶ. ಇದರ ಬಗ್ಗೆ ನಿಮ್ಮ ಅಭಿಪ್ರಾಯ...

ವೇದಿಕೆ ನಿರ್ವಾಹಕ

ಅಭಿಪ್ರಾಯ ಬೇರೆ ಕಡೆ. ಇಲ್ಲಿ ಅಕ್ಕನ ಮಾವನಿಗೆ ಊಟ ಹುಡುಕುತ್ತಿದ್ದೇವೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ನೀವು ಹೇಳ್ತಿರೋ ಜುಕಿನಿ ಬೆಳೆಯೋರು ನಾವು. ಜುಕಿನಿ, ಲೆಟ್ಯೂಸ್, ಸೆಲರಿ, ಬಣ್ಣದ ಕ್ಯಾಪ್ಸಿಕಂ ಎಲ್ಲ ನಮ್ಮ ಕಡೆಯಿಂದ, ಕೋಲಾರದ ಕಡೆಯಿಂದ ರಾತ್ರಿ ಗಾಡಿಯಲ್ಲಿ ಬೆಂಗಳೂರಿಗೆ ಹೋಗೋದು. ತಟ್ಟೆಯಲ್ಲಿ ಫ್ರೆಂಚ್, ಹೊಲದಲ್ಲಿ ಪಕ್ಕಾ ನಂದಿ ಹೋಬಳಿ.

ಬಿತ್ತಿದ ಒಂದೂವರೆ ತಿಂಗಳಿಗೆ ಕಾಯಿ. ಅಂಗೈ ಉದ್ದ ಇದ್ದಾಗಲೇ ಕೀಳಬೇಕು, ಹೂವು ಇನ್ನೂ ತುದಿಯಲ್ಲಿ ಅಂಟಿಕೊಂಡಿರುತ್ತೆ. ಒಂದು ದಿನ ಬೆಳಗ್ಗೆ ಕೂಲಿಯವರು ಬರಲಿಲ್ಲ ಅಂತ ಬಿಟ್ಟರೆ ಮಾರನೇ ದಿನಕ್ಕೆ ತೋಳು ದಪ್ಪ. ತರಕಾರಿ ಎತ್ತುವ ಕಂಪನಿಯವನು ಒಬ್ಬ ಅಳತೆ ಪಟ್ಟಿ ಹಿಡಿದುಕೊಂಡೇ ಬರ್ತಾನೆ. ಅರ್ಧ ಇಂಚು ಜಾಸ್ತಿ ಇದ್ದರೆ ಪಕ್ಕಕ್ಕೆ ಎಸೀತಾನೆ. ಎಸೆದದ್ದು ಹಸುವಿಗೆ. ಹೋದ ತಿಂಗಳು ನಮ್ಮ ಹಸುಗಳು ತಿಂದಷ್ಟು ಜುಕಿನಿ ಯಾವ ಬಿಸ್ಟ್ರೋದವರೂ ತಿಂದಿರಲ್ಲ.

ಮಾಲೂರು ಹೆಂಚು (ಕೋಲಾರ)

ನಿಜ ಅಣ್ಣ. ನಮ್ಮ ಕಡೆ ಪಾಲಿಹೌಸ್ ಕ್ಯಾಪ್ಸಿಕಂಗೂ ಅದೇ ಕಥೆ. ಕೆಂಪು ಕಾಯಿಯಲ್ಲಿ ಒಂದು ಕಡೆ ಹಸಿರು ಉಳಿದಿದ್ದರೆ ಬೇಡ ಅಂತಾರೆ.

ತಿಪಟೂರು ಕೊಬ್ಬರಿ

ವೈನೂ ನಿಮ್ಮ ಕಡೆಯದೇ ಅಲ್ವಾ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಬೆಟ್ಟದ ಆ ಕಡೆ, ದೊಡ್ಡಬಳ್ಳಾಪುರದ ಬದಿಗೆ. ಗ್ರೋವರ್ ಅನ್ನೋ ವೈನ್ ಕಂಪನಿಯವರು 1988ರಲ್ಲಿ ಶುರು ಮಾಡಿದ್ದು. ಫ್ರೆಂಚ್ ದ್ರಾಕ್ಷಿ ತಳಿಗಳನ್ನೇ ಹಾಕಿದರು, ಸಲಹೆಗೆ ಫ್ರಾನ್ಸಿನ ಬೋರ್ದೋದ ವೈನ್ ತಜ್ಞ ಮಿಶೆಲ್ ರೋಲಾಂ ಬರ್ತಿದ್ದರು. ನಮ್ಮ ಹೊಲಗಳಲ್ಲಿ ಇರೋದು ಹೆಚ್ಚಾಗಿ ಬೆಂಗಳೂರು ನೀಲಿ ದ್ರಾಕ್ಷಿ. ಅದಕ್ಕೆ ಜಿಐ ಟ್ಯಾಗ್ (ಈ ಸೀಮೆಯ ಬೆಳೆ ಅನ್ನೋ ಸರ್ಕಾರಿ ಗುರುತು) ಇದೆ, ಜ್ಯೂಸಿಗೆ, ಸಿಹಿ ವೈನಿಗೆ ಹೋಗುತ್ತೆ. ಬಿಸ್ಟ್ರೋದ ಗ್ಲಾಸಿನಲ್ಲಿ ಬರೋದು ಇದಲ್ಲ.

ಅಮಾನಿಕೆರೆ ಅಕ್ಕ (ತುಮಕೂರು)

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಫೋನ್ ಮಾಡಿದೆ. ಪಂಚೆಗೆ ಏನೂ ತೊಂದರೆ ಇಲ್ಲ ಅಂದರು. ಸ್ಟಾಕ್ ಯಾವುದರದು ಅಂತ ಕೇಳಿದ್ದಕ್ಕೆ ಆ ಕಡೆಯ ಹುಡುಗಿ ಒಂದು ನಿಮಿಷ ಅಂತ ಒಳಗೆ ಹೋಗಿ ಬಂದು "ಚಿಕನ್ ಮೇಡಂ" ಅಂದಳು! ಮಾವನಿಗೆ ರಾಟಟೂಯಿ, ಚೀಸ್ ಇಲ್ಲದ ಗ್ರಾತ್ಯಾಂ, ಸೋರ್ಬೆ. ಗ್ರಾತ್ಯಾಂ ಬೇರೆಯಾಗಿ ಮಾಡಿಕೊಡ್ತಾರಂತೆ. ಸರ್ವಿಸ್ ಚಾರ್ಜ್ ವಿಷಯ ನಮ್ಮೆಜಮಾನರಿಗೆ ಬಿಟ್ಟಿದ್ದೇನೆ, ಅವರು ಈಗಾಗಲೇ 1915 ಸೇವ್ ಮಾಡಿಕೊಂಡು ಕೂತಿದ್ದಾರೆ.

ಕ್ಯಾತ್ಸಂದ್ರ ತಟ್ಟೆ

ಅನ್ನ?

ಅಮಾನಿಕೆರೆ ಅಕ್ಕ (ತುಮಕೂರು)

ರಾತ್ರಿ ಮನೆಗೆ ಬಂದು ಮೊಸರನ್ನ ತಿಂತೀನಿ ಅಂತ ಮಾವನೇ ಹೇಳಿಬಿಟ್ಟರು.

ಎಸ್.ಎಸ್.ಪುರಂ ಸಂಜೆ

@ನಂದಿ ತಪ್ಪಲು, ಆ ದಪ್ಪ ಜುಕಿನಿ ಹಸುವಿಗೆ ಯಾಕೆ ಹಾಕ್ತೀರಿ? ಬೀಜ ತೆಗೆದು, ಕಡಲೆಬೇಳೆ ಹಾಕಿ ಕೂಟು ಮಾಡಿದರೆ ಬಹಳ ಚೆನ್ನಾಗಿರುತ್ತೆ. ತುಮಕೂರಿಗೆ ನಿಮ್ಮ ಕಡೆ ಗಾಡಿ ಬರುತ್ತಾ?

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ಮಂಗಳವಾರ ದಾಬಸ್‌ಪೇಟೆವರೆಗೆ ಬರುತ್ತೆ ಅಕ್ಕ. ಮೂಟೆಗಟ್ಟಲೆ ಬೇಕಾದರೂ ತಗೊಳ್ಳಿ, ಬಾಡಿಗೆ ಮಾತ್ರ ಹಂಚಿಕೊಳ್ಳೋಣ.

ಬೆಳಗುಂಬ ರಸ್ತೆ

ನಂಗೂ ಐದು ಕೆಜಿ ಬರೆದುಕೊಳ್ಳಿ.